ಅಜ್ಜಿಯ ಕಥೆಚೀಲ: ಒಂದೇ ಒಂದು ಅಕ್ಷರ



ಮೊನ್ನೆ ನನ್ನ ಮೊಮ್ಮಗ ಮುಖ ಊದಿಸಿಕೊಂಡು ಬಂದ. “ಅಜ್ಜೀ, ನಮ್ಮ ಕಥೆಗಳಲ್ಲಿ ಮಂತ್ರದಂಡವೇ ಇಲ್ಲವಲ್ಲ!” ಅಂದ. “ಮಂತ್ರದಂಡ ಇಲ್ಲದಿದ್ದರೇನು, ಕಣ್ಣಿನ ಕಾಡಿಗೆ ಇದೆ. ಕೂತುಕೋ” ಅಂದೆ.

ಕುಂತಳ ದೇಶದಲ್ಲೊಬ್ಬ ಮಂತ್ರಿ. ಹೆಸರು ದುಷ್ಟಬುದ್ಧಿ, ಹೆಸರಿಗೆ ತಕ್ಕ ಬುದ್ಧಿ. ರಾಜನಿಗೆ ಗಂಡು ಮಕ್ಕಳಿರಲಿಲ್ಲ. ರಾಜ್ಯ ತನ್ನ ಮನೆಗೇ ಬರಬೇಕೆಂದು ಮಂತ್ರಿಯ ಆಸೆ. ಒಂದು ದಿನ ಅವನ ಮನೆಗೆ ಊಟಕ್ಕೆ ಬಂದಿದ್ದ ಬ್ರಾಹ್ಮಣರು ಅಲ್ಲಿದ್ದ ಅನಾಥ ಹುಡುಗನೊಬ್ಬನನ್ನು ತೋರಿಸಿ, “ಮುಂದೆ ಈ ರಾಜ್ಯ ಆಳುವವನು ಇವನೇ” ಎಂದುಬಿಟ್ಟರು.

ಅವನೇ ಚಂದ್ರಹಾಸ, ಕೇರಳದ ರಾಜಕುಮಾರ. ಎಡಗಾಲಿನಲ್ಲಿ ಆರು ಬೆರಳು. ಹೆತ್ತವರನ್ನು ಕಳೆದುಕೊಂಡ ಕೂಸನ್ನು ದಾದಿಯೊಬ್ಬಳು ಶತ್ರುಗಳ ಕಣ್ಣು ತಪ್ಪಿಸಿ ಕುಂತಳಕ್ಕೆ ತಂದಿದ್ದಳು. ಅವಳೂ ತೀರಿಕೊಂಡಿದ್ದಳು.

ಮಂತ್ರಿ ಕಟುಕರನ್ನು ಕಳಿಸಿದ. ಕಾಡಿನಲ್ಲಿ ಹುಡುಗನ ಮುಖ ನೋಡಿದ ಕಟುಕರಿಗೆ ಕತ್ತಿ ಎತ್ತಲು ಕೈ ಬರಲಿಲ್ಲ. ಆರನೆಯ ಬೆರಳನ್ನಷ್ಟೇ ಕತ್ತರಿಸಿ ಒಯ್ದು, “ಕೊಂದೆವು” ಎಂದರು. ಮಗುವನ್ನು ಕುಳಿಂದನೆಂಬ ಸಾಮಂತ ಕಂಡು, ಮನೆಗೆ ಒಯ್ದು ಸಾಕಿದ.

ವರ್ಷಗಳು ಕಳೆದವು. ಕುಳಿಂದನ ಊರಿಗೆ ಬಂದ ದುಷ್ಟಬುದ್ಧಿಗೆ ಗುಟ್ಟು ತಿಳಿಯಿತು. ಒಂದು ಪತ್ರ ಬರೆದು, ಮುದ್ರೆ ಒತ್ತಿ, ತನ್ನ ಮಗ ಮದನನಿಗೆ ಕೊಡೆಂದು ಚಂದ್ರಹಾಸನ ಕೈಯಲ್ಲೇ ಕಳಿಸಿದ. ‘ಇವನಿಗೆ ವಿಷ ಕೊಡು’ ಎಂಬುದೇ ಅದರ ಸಾರ!

ಬಿಸಿಲಲ್ಲಿ ದಣಿದ ಚಂದ್ರಹಾಸ ಊರ ಹೊರಗಿನ ತೋಟದಲ್ಲಿ ಮಲಗಿಬಿಟ್ಟ. ಅಲ್ಲಿಗೆ ಬಂದಳು ಮಂತ್ರಿಯ ಮಗಳು. ಅವಳ ಹೆಸರು ವಿಷಯೆ. ಪತ್ರ ಬಿಚ್ಚಿ ಓದಿದಳು. ‘ಪಾಪ, ಅಪ್ಪ ಅವಸರದಲ್ಲಿ ನನ್ನ ಹೆಸರನ್ನೇ ತಪ್ಪಾಗಿ ಬರೆದಿದ್ದಾನೆ’ ಅಂದುಕೊಂಡಳು. ಕಣ್ಣಿನ ಕಾಡಿಗೆಯನ್ನು ಉಗುರಿಗೆ ಹಚ್ಚಿಕೊಂಡು ತಿದ್ದಿದಳು. ‘ವಿಷ’ ಹೋಗಿ ‘ವಿಷಯೆ’ ಆಯಿತು! ಮದನ ಸಂಭ್ರಮದಿಂದ ತಂಗಿಯ ಮದುವೆಯನ್ನೇ ಮಾಡಿಸಿಬಿಟ್ಟ.

ಇಲ್ಲಿ ಮೊಮ್ಮಗ ನನ್ನನ್ನು ಹಿಡಿದು ನಿಲ್ಲಿಸಿದ. “ಬೇರೆಯವರ ಪತ್ರ ಓದಬಾರದು ಅಂತ ನೀನೇ ಹೇಳ್ತೀಯಲ್ಲ ಅಜ್ಜೀ?”

ಒಂದು ಕ್ಷಣ ನನಗೂ ಉತ್ತರ ತೋಚಲಿಲ್ಲ. “ಓದಿದ್ದು ತಪ್ಪೇ ಕಣೋ. ಆದರೆ ಅಪ್ಪ ಒಬ್ಬರಿಗೆ ವಿಷ ಹಾಕಿಸಿಯಾನು ಎಂಬ ಯೋಚನೆಯೇ ಆ ಮಗುವಿಗೆ ಬರಲಿಲ್ಲ ನೋಡು” ಎಂದೆ. ಅವನು ಸುಮ್ಮನಾದ.

ಮಂತ್ರಿ ಸುಮ್ಮನಾಗಲಿಲ್ಲ. “ಮದುಮಗ ಸಂಜೆ ಒಬ್ಬನೇ ಕಾಳಿಯ ಗುಡಿಗೆ ಹೋಗುವುದು ನಮ್ಮ ಮನೆಯ ಪದ್ಧತಿ” ಎಂದು ಅಳಿಯನನ್ನು ಹೊರಡಿಸಿ, ಗುಡಿಯಲ್ಲಿ ಕೊಲೆಗಾರರನ್ನು ಅಡಗಿಸಿಟ್ಟ. ಅದೇ ಹೊತ್ತಿಗೆ ರಾಜ, ಚಂದ್ರಹಾಸನಿಗೆ ರಾಜ್ಯವನ್ನೇ ಕೊಡಲು ಕರೆಕಳಿಸಿದ. ಕರೆಯಲು ಬಂದ ಮದನ ದಾರಿಯಲ್ಲಿ ಭಾವನನ್ನು ಕಂಡು, “ನೀನು ಅರಮನೆಗೆ ನಡೆ, ಪೂಜೆ ನಾನು ಮಾಡಿಸುತ್ತೇನೆ” ಎಂದು ಗುಡಿಗೆ ಹೋದ. ಕತ್ತಲಲ್ಲಿ ಕತ್ತಿಗಳು ಅವನ ಮೇಲೆಯೇ ಬಿದ್ದವು. ಮಗನ ಹೆಣ ಕಂಡ ದುಷ್ಟಬುದ್ಧಿಯೂ ಅಲ್ಲಿಯೇ ಪ್ರಾಣ ಬಿಟ್ಟ.

ಸುದ್ದಿ ಕೇಳಿ ಓಡಿ ಬಂದ ಚಂದ್ರಹಾಸ, ತನ್ನ ತಲೆಯನ್ನೇ ಒಪ್ಪಿಸಲು ಕತ್ತಿ ಎತ್ತಿದ. ಕಾಳಿ ಪ್ರತ್ಯಕ್ಷಳಾಗಿ ವರ ಕೇಳೆಂದಳು. ಅವನು ಮದನನ ಜೀವ ಕೇಳಿದ. ದುಷ್ಟಬುದ್ಧಿಯ ಜೀವವನ್ನೂ ಕೇಳಿದ! ಇಬ್ಬರೂ ನಿದ್ದೆಯಿಂದ ಎದ್ದವರಂತೆ ಎದ್ದು ಕೂತರು.

ಕಡೂರು ಸೀಮೆಯ ದೇವನೂರಿನ ಕವಿ ಲಕ್ಷ್ಮೀಶ ‘ಜೈಮಿನಿ ಭಾರತ’ದಲ್ಲಿ ಹಾಡಿದ ಕಥೆ ಇದು. ಯಕ್ಷಗಾನದಲ್ಲಿ ಇಂದಿಗೂ ಕುಣಿಯುತ್ತಾರೆ. 1965ರಲ್ಲಿ ರಾಜ್‌ಕುಮಾರ್ ಅಭಿನಯದ ಸಿನಿಮಾ ಕೂಡ ಬಂತು. ನಿಮ್ಮ ತಾತನನ್ನು ಕೇಳಿ ನೋಡಿ.

ಮೊಮ್ಮಗನಿಗೆ ಕಾಡಿಗೆಯ ಜಾದು ಬಹಳ ಹಿಡಿಸಿತು. ನನಗೆ ದೊಡ್ಡದಾಗಿ ಕಾಣುವುದು ಆ ಕಟುಕರ ಕೈ. ಕೊಲ್ಲಲೆಂದೇ ಬಂದ ಕೈ ತಡೆಯಿತಲ್ಲ, ಅದಿಲ್ಲದಿದ್ದರೆ ಕಾಡಿಗೆಗೆ ಕೆಲಸವೆಲ್ಲಿತ್ತು?

ವಿಷಯೆಯ ಜಾಗದಲ್ಲಿ ನೀವಿದ್ದಿದ್ದರೆ ಪತ್ರ ಬಿಚ್ಚುತ್ತಿದ್ದಿರಾ? ರಾತ್ರಿ ಊಟದ ಹೊತ್ತಿಗೆ ಮನೆಯವರನ್ನೆಲ್ಲ ಕೇಳಿ. ಜಗಳ ಮಾತ್ರ ಬೇಡ!

ಮುಂದಿನ ವಾರ ಸಿಗೋಣ.
ನಿಮ್ಮ ಅಜ್ಜಿ