ಒಂದೇ ಮಾಸ್ಟರ್ ಇದ್ದರೆ ಏನಂತೆ?

ಗೂಗಲ್ ತನ್ನ ಫೈಲ್ ಸಿಸ್ಟಂ ಹೇಗೆ ಕಟ್ಟಿದೆ ಎಂಬುದನ್ನು 2003ರಲ್ಲಿ ಪ್ರಕಟಿಸಿತು. ಸಾವಿರಾರು ಡಿಸ್ಕುಗಳಿರುವ ಅಗ್ಗದ ಕಂಪ್ಯೂಟರುಗಳ ಗುಂಪು, ಯಾವ ಡೇಟಾ ಎಲ್ಲಿದೆ ಎಂಬ ಲೆಕ್ಕ ಇಡಲು ಅಷ್ಟಕ್ಕೂ ಒಂದೇ ಮಾಸ್ಟರ್ ಯಂತ್ರ. ಇದನ್ನು ಪಾಠದಲ್ಲಿ ‘ಹೀಗೆ ಮಾಡಬಾರದು’ ಎಂಬ ಉದಾಹರಣೆಯಾಗಿ ತೋರಿಸುವವರಿಗೆ ಈ ಉತ್ತರ.

ಎಲ್ಲರೂ ಒಂದೇ ಬಾಗಿಲಿಗೆ ಬಂದರೆ ನೂಕುನುಗ್ಗಲು ಆಗದೇ ಇದ್ದೀತೇ ಎನ್ನುತ್ತಾರೆ. ಡೇಟಾ ಆ ಬಾಗಿಲಿನಿಂದಲೇ ಹಾಯುವುದಾಗಿದ್ದರೆ ಆಗುತ್ತಿತ್ತು. ಕ್ಲೈಂಟ್ ಮಾಸ್ಟರನ್ನು ಕೇಳುವುದು ‘ಈ ಫೈಲಿನ ಇಷ್ಟನೇ ತುಂಡು ಎಲ್ಲಿದೆ’ ಎಂದಷ್ಟೇ. ಆಮೇಲೆ ತುಂಡಿರುವ ಸರ್ವರಿನ ಜತೆಗೇ ನೇರ ವ್ಯವಹಾರ. ಒಂದು ತುಂಡು 64 ಎಂಬಿ. ಅದರ ಬಗ್ಗೆ ಮಾಸ್ಟರ್ ಇಟ್ಟುಕೊಳ್ಳುವ ಮಾಹಿತಿ 64 ಬೈಟಿಗೂ ಕಡಿಮೆ. ಅಂದರೆ ಒಂದು ಪೆಟಾಬೈಟ್ ಡೇಟಾಕ್ಕೆ ಹೆಚ್ಚೆಂದರೆ ಸುಮಾರು ಒಂದು ಜಿಬಿ ಮೆಮೊರಿ. ದೂರುವವರು ಈ ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ.

ಮಾಸ್ಟರೇ ಕೆಟ್ಟರೆ? ಪ್ರತಿ ಬದಲಾವಣೆಯ ಲಾಗ್ ಬೇರೆ ಯಂತ್ರಗಳಲ್ಲೂ ಬರೆದಾದ ಮೇಲೆಯೇ ಕ್ಲೈಂಟಿಗೆ ‘ಆಯಿತು’ ಎಂಬ ಉತ್ತರ ಸಿಗುತ್ತದೆ. ಹೊಸ ಮಾಸ್ಟರ್ ಆ ಲಾಗ್ ಓದಿಕೊಂಡು, ಯಾರ ಬಳಿ ಯಾವ ತುಂಡಿದೆ ಎಂದು ಸರ್ವರುಗಳನ್ನೇ ವಿಚಾರಿಸಿ ಕೆಲಸ ಶುರುಮಾಡುತ್ತದೆ. ಅಲ್ಲಿಯವರೆಗೆ ಬರವಣಿಗೆ ನಿಲ್ಲುತ್ತದೆ, ನಿಜ. ರಾಶಿ ವೆಬ್ ಪುಟ ಜಾಲಾಡುವ ಕೆಲಸಕ್ಕೆ ಅಷ್ಟು ತಡ ಸಹ್ಯ. ಬ್ಯಾಂಕಿನ ಲೆಕ್ಕಕ್ಕೆ ಸಲ್ಲದು. ಅದಕ್ಕೆಂದು ಕಟ್ಟಿದ್ದೂ ಅಲ್ಲ.

ಇನ್ನು, ಪ್ರತಿ ತುಂಡಿಗೂ ಮೂರು ಮೂರು ಪ್ರತಿ ಇಡುವುದು ದುಂದು, ಒಂದು ಒಳ್ಳೆಯ ದುಬಾರಿ ಸ್ಟೋರೇಜ್ ಪೆಟ್ಟಿಗೆ ಕೊಳ್ಳಿ ಎಂಬ ಸಲಹೆ. ಗೂಗಲ್‌ನವರು ಬೇಕೆಂದೇ ಎರಡು ಸರ್ವರುಗಳನ್ನು ಒಟ್ಟಿಗೆ ಕೊಂದು ನೋಡಿದರು. ಒಂದೊಂದರಲ್ಲೂ ಸುಮಾರು 660 ಜಿಬಿ ಇತ್ತು. 266 ತುಂಡುಗಳಿಗೆ ಒಂದೇ ಪ್ರತಿ ಉಳಿಯಿತು. ವ್ಯವಸ್ಥೆ ಮೊದಲು ಅವನ್ನೇ ಎತ್ತಿಕೊಂಡು, ಎರಡು ನಿಮಿಷದೊಳಗೆ ಅಷ್ಟಕ್ಕೂ ಎರಡನೇ ಪ್ರತಿ ಮಾಡಿ ಮುಗಿಸಿತು. ಪ್ರತಿಗಳು ಹತ್ತಾರು ಯಂತ್ರಗಳಲ್ಲಿ ಚದುರಿದ್ದರಿಂದ ಎಲ್ಲವೂ ಸೇರಿ ನಕಲು ಮಾಡಿದವು. ಪೆಟ್ಟಿಗೆಯ ಒಳಗೆ ಸತ್ತ ಡಿಸ್ಕಿನ ಜಾಗಕ್ಕೆ ಸಾಮಾನ್ಯವಾಗಿ ಬರುವುದು ಒಂದೇ ಡಿಸ್ಕ್. ಅದು ಎಷ್ಟು ಬೇಗ ಬರೆದೀತೋ ಅಷ್ಟೇ ವೇಗ. ಪೆಟ್ಟಿಗೆಯೇ ಕೈಕೊಟ್ಟರಂತೂ ಮಾತೇ ಇಲ್ಲ. ಜಾಗದ್ದೇ ಚಿಂತೆಯಾದರೆ, ಮೂರರ ಬದಲು ಒಂದೂವರೆ ಪಟ್ಟು ಜಾಗದಲ್ಲೇ ಸುರಕ್ಷತೆ ಕೊಡುವ ರೀಡ್-ಸಾಲಮನ್ ಕೋಡಿಂಗ್ ಇದೇ ಮಾದರಿಯ ಫೈಲ್ ಸಿಸ್ಟಂ ಇರುವ ಹಡೂಪ್‌ಗೂ ಬಂದಿದೆ. ಹಳೆಯ ಡೇಟಾಕ್ಕೆ ಅದನ್ನು ಧಾರಾಳವಾಗಿ ಬಳಸಿ.

ಗ್ಲಸ್ಟರ್ ಎಂಬ ಫೈಲ್ ಸಿಸ್ಟಂಗೆ ಮಾಸ್ಟರೇ ಇಲ್ಲವಲ್ಲ ಎಂದು ಬೆಂಗಳೂರಿನವರು ಕೇಳಬಹುದು. ಅದರ ಎಂಜಿನಿಯರುಗಳು ಇಲ್ಲಿಯೂ ಇದ್ದರು. ಗ್ಲಸ್ಟರ್‌ನಲ್ಲಿ ಹೆಸರಿನ ಹ್ಯಾಶ್‌ನಿಂದಲೇ ಫೈಲಿನ ಜಾಗ ಗೊತ್ತಾಗುತ್ತದೆ, ಸೊಗಸಾದ ಉಪಾಯ. ಆದರೆ ಒಂದು ಫೋಲ್ಡರಿನ ಪಟ್ಟಿ ಬೇಕೆಂದರೆ ಸರ್ವರಿಂದ ಸರ್ವರಿಗೆ ಕೇಳುತ್ತ ಹೋಗಬೇಕು.

ಸಣ್ಣ ಫೈಲುಗಳ ಆಕ್ಷೇಪ ಮಾತ್ರ ನಿಲ್ಲುತ್ತದೆ. ಒಂದು ಕೆಬಿ ಫೈಲಿಗೂ ಮಾಸ್ಟರಿನ ಮೆಮೊರಿಯಲ್ಲಿ 64 ಎಂಬಿ ತುಂಡಿಗೆ ಬೇಕಾದಷ್ಟೇ ಜಾಗ. ಅಂಥವು ಕೋಟಿಗಟ್ಟಲೆ ಸೇರಿದರೆ ಡಿಸ್ಕುಗಳು ಖಾಲಿಯಿದ್ದರೂ ಮಾಸ್ಟರ್ ತುಂಬುತ್ತದೆ. ಗೂಗಲ್ ಕೂಡ ಮುಂದೆ ಈ ಮಾಹಿತಿಯನ್ನು ಹಲವು ಯಂತ್ರಗಳಿಗೆ ಹಂಚುವ ಕೊಲೋಸಸ್‌ಗೆ ಹೋಯಿತು.