ಬೆಟ್ಟ ಸರ್ಕಾರದ್ದು, ಹೊಣೆ ಯಾರದು?

ಶನಿವಾರ ಸಂಜೆ ಆಯಿತೆಂದರೆ ಬೆಂಗಳೂರಿನ ಕಡೆಯಿಂದ ದಂಡು ಹೊರಡುತ್ತದೆ. ಬೆನ್ನ ಮೇಲೆ ಗಂಟು, ಗಂಟಿನಲ್ಲಿ ಡೇರೆ, ಕೈಯಲ್ಲಿ ಮೊಬೈಲು. ಕೆಲವರು ಬೈಕಿನಲ್ಲಿ, ಕೆಲವರು ಕಾರಿನಲ್ಲಿ, ಉಳಿದವರು ದೊಡ್ಡಬಳ್ಳಾಪುರದ ಬಸ್ಸಿನಲ್ಲಿ. ಎಲ್ಲಿಗೆ ಅಂತ ಕಂಡಕ್ಟರ್ ಕೇಳಿದರೆ ಉತ್ತರ ಒಂದೇ: ಬೆಟ್ಟಕ್ಕೆ. ಯಾವ ಇಲಾಖೆಯ ಬೆಟ್ಟ, ರಾತ್ರಿ ಅಲ್ಲಿ ಉಳಿಯೋದಕ್ಕೆ ಬಿಡ್ತಾರಾ ಅಂತ ಕೇಳಿದರೆ ಮಾತ್ರ ನಗು. "ಸರ್ಕಾರಿ ಜಾಗ ತಾನೇ, ಯಾರು ಕೇಳ್ತಾರೆ?"

ಕೇಳುವವರು ಇದ್ದಾರೆ. ಇರಲೇಬೇಕು. ಸರ್ಕಾರಿ ಜಾಗ ಅಂದರೆ ಯಾರದೂ ಅಲ್ಲದ ಜಾಗ ಎಂದು ಅರ್ಥ ಮಾಡಿಕೊಂಡಿರುವುದೇ ಎಲ್ಲ ಅನಾಹುತಕ್ಕೂ ಮೂಲ. ಅದು ಎಲ್ಲರದೂ ಆದ ಜಾಗ. ಬೆಟ್ಟದ ಬುಡದಲ್ಲಿ ಕುರಿ ಮೇಯಿಸುವವನದು, ಮೇಲಿನ ಗುಡಿಯಲ್ಲಿ ದೀಪ ಹಚ್ಚುವವನದು, ಕೆಳಗಿನ ಕೆರೆ ನೀರು ನಂಬಿದ ರೈತನದು. ಎರಡು ದಿನದ ಮಜಕ್ಕೆ ಬಂದವನದೂ ಹೌದು, ಆದರೆ ಅವನೊಬ್ಬನದೇ ಅಲ್ಲ.

ಜಿಲ್ಲೆಯಲ್ಲಿ ನೋಡುವ ಜಾಗಕ್ಕೆ ಬರವಿಲ್ಲ. ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ಕಡೆ ಹೊರಟರೆ ಮಾಕಳಿದುರ್ಗ. ತುದಿಯಲ್ಲಿ ಹಳೆಯ ಕೋಟೆ, ಶಿವನ ಗುಡಿ, ನಂದಿ. ಬೆಟ್ಟದ ಹೆಸರಿನದೇ ಒಂದು ರೈಲು ನಿಲ್ದಾಣವೂ ಇದೆ, ಯಲಹಂಕದಿಂದ ಹಿಂದೂಪುರಕ್ಕೆ ಹೋಗುವ ದಾರಿಯಲ್ಲಿ. ನೆಲಮಂಗಲ ತಾಲ್ಲೂಕಿನಲ್ಲಿ ಶಿವಗಂಗೆ. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ದೇಹ ಬಿಟ್ಟದ್ದು ಅಲ್ಲಿಯೇ. ಹೊಸಕೋಟೆಯಲ್ಲಿ ದೊಡ್ಡ ಕೆರೆ, ಹಕ್ಕಿ ನೋಡುವವರಿಗೆ ಹಬ್ಬ. ದೇವನಹಳ್ಳಿ ದಾಟಿದರೆ ನಂದಿ ಬೆಟ್ಟ. ಅದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದಾದರೂ ಅದರ ದಟ್ಟಣೆಯ ಪಾಲು ದೇವನಹಳ್ಳಿ, ದೊಡ್ಡಬಳ್ಳಾಪುರದ ರಸ್ತೆಗಳಿಗೂ ಸಿಗುತ್ತದೆ.

ಈ ಎಲ್ಲ ಜಾಗಕ್ಕೂ ಒಬ್ಬನೇ ಯಜಮಾನ ಅಲ್ಲ. ಕಾಡು ಅರಣ್ಯ ಇಲಾಖೆಯದು. ಶಿವಗಂಗೆಯ ಗಂಗಾಧರೇಶ್ವರನ ಗುಡಿ ಮುಜರಾಯಿಯದು. ಗೋಮಾಳ ಕಂದಾಯ ಇಲಾಖೆಯ ಲೆಕ್ಕದಲ್ಲಿರುತ್ತದೆ. ಕೆರೆ ಸಣ್ಣ ನೀರಾವರಿಯವರದಾಗಿರಬಹುದು, ಪಂಚಾಯಿತಿಯದಾಗಿರಬಹುದು. ಆದ್ದರಿಂದ ಡೇರೆಯ ಗಂಟು ಕಟ್ಟುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ಜಾಗ ಯಾರ ಸುಪರ್ದಿನಲ್ಲಿದೆ ಎಂಬುದು. ಬುತ್ತಿ ಏನು ಕಟ್ಟೋಣ ಎಂಬುದು ಆಮೇಲಿನ ಮಾತು.

ಕಾಡಿನ ಬೆಟ್ಟಗಳ ಮಟ್ಟಿಗೆ ನಿಯಮ ಬಂದಾಗಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಂದೇ ಸಲ ನುಗ್ಗಿದರು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ಸರ್ಕಾರ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣ ಶುರುವಾಯಿತು. ಮಾಕಳಿದುರ್ಗಕ್ಕೂ ಟಿಕೆಟ್ ತೆಗೆಯಬೇಕಾದದ್ದು ಅಲ್ಲಿಯೇ. ಆ ಟಿಕೆಟ್ ಹಗಲು ಹತ್ತಿ ಹಗಲೇ ಇಳಿಯುವುದಕ್ಕೆ. ರಾತ್ರಿ ಡೇರೆ ಹೊಡೆದು ಮಲಗುವುದಕ್ಕೆ ಅಲ್ಲ.

ಹಾಗಾದರೆ ಡೇರೆಯಲ್ಲಿ ಮಲಗುವ ಆಸೆ ತಪ್ಪೇ? ಖಂಡಿತ ಅಲ್ಲ. ಅದಕ್ಕೆಂದೇ ಜಾಗಗಳಿವೆ. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸುತ್ತದೆ. ಬಂಡೆ ಹತ್ತುವುದನ್ನು ಕಲಿಯಬೇಕೆನ್ನುವ ಹುಡುಗರಿಗೆ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಅಷ್ಟು ದೂರ ಯಾಕೆ, ದೊಡ್ಡಬಳ್ಳಾಪುರದ ಅನಿಬೆಸೆಂಟ್ ಪಾರ್ಕಿನಲ್ಲಿ ಸ್ಕೌಟು, ಗೈಡು ಮಕ್ಕಳು ಶಿಬಿರ ಹೂಡುತ್ತಾರೆ. ಶಿಬಿರ ಎತ್ತುವಾಗ ನೆಲ ಗುಡಿಸಿ, ಬಂದಾಗ ಇದ್ದದ್ದಕ್ಕಿಂತ ಚೊಕ್ಕಟ ಮಾಡಿ ಹೋಗಬೇಕೆಂಬುದು ಆ ಮಕ್ಕಳಿಗೆ ಮೊದಲ ಪಾಠ. ಡಿಗ್ರಿ ಪಡೆದು ಸಂಬಳ ಎಣಿಸುವವರಿಗೆ ಆ ಪಾಠ ಮರೆತು ಹೋಗುವುದು ಹೇಗೋ!

ಬೆಟ್ಟದ ಮೇಲೆ ಬೆಂಕಿ ಹಾಕುವ ಶೋಕಿಯಂತೂ ಇನ್ನೂ ಅಪಾಯ. ಸಂಕ್ರಾಂತಿ ಕಳೆದರೆ ಹುಲ್ಲು ಒಣಗಿ ಗರಿಗರಿ ಆಗಿರುತ್ತದೆ. ಒಂದು ಬೀಡಿ ತುಂಡು ಸಾಕು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆಗೆ ಹೆದರದವರು ಪಕ್ಕದ ತಮಿಳುನಾಡಿನ ಕಥೆ ಕೇಳಲಿ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರು ಕಾಡ್ಗಿಚ್ಚಿಗೆ ಸಿಕ್ಕರು. ಸತ್ತವರು 20ಕ್ಕೂ ಹೆಚ್ಚು. ಹೋದ ದಾರಿಗೆ ಸರಿಯಾದ ಅನುಮತಿ ಇತ್ತೇ ಎಂಬ ಪ್ರಶ್ನೆ ಜೋರಾಗಿ ಎದ್ದದ್ದು ಹೆಣಗಳು ಕೆಳಗೆ ಬಂದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಹತ್ತಿರದ ಉದಾಹರಣೆಯೂ ಇದೆ. 2022ರ ಫೆಬ್ರವರಿ 20ರಂದು ನಂದಿಯ ಮಗ್ಗುಲಿನ ಬ್ರಹ್ಮಗಿರಿಯಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಕೆಳಗೆ ಜಾರಿದ. ಅವನನ್ನು ಮೇಲೆತ್ತಲು ವಾಯುಪಡೆಯ ಹೆಲಿಕಾಪ್ಟರೇ ಬರಬೇಕಾಯಿತು. ಆ ಹುಡುಗ ಬದುಕಿದ್ದು ಪುಣ್ಯ. ಪ್ರತಿ ಸಲವೂ ಹೆಲಿಕಾಪ್ಟರು ಬರುತ್ತದೆ ಎಂದು ನಂಬಿ ಬೆಟ್ಟ ಹತ್ತುವುದಕ್ಕಾಗುತ್ತದೆಯೇ? ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೋಗುವವರಿಗೆ ಹೇಳಬೇಕಾದದ್ದು ಬಹಳ ಇಲ್ಲ. ಟಿಕೆಟ್ ಬೇಕಾದ ಜಾಗಕ್ಕೆ ಮೊದಲೇ ಟಿಕೆಟ್ ತೆಗೆಯಿರಿ. ಎಲ್ಲಿಗೆ ಹೋಗ್ತಿದ್ದೀರಿ, ಎಷ್ಟು ಹೊತ್ತಿಗೆ ಬರ್ತೀರಿ ಅಂತ ಮನೆಯಲ್ಲಿ ಹೇಳಿ. ಮಾಕಳಿದುರ್ಗದ ಮೇಲೆ ಅಂಗಡಿ ಇಲ್ಲ, ನೀರು ನೀವೇ ಹೊರಬೇಕು. ಶಿವಗಂಗೆಯಲ್ಲಿ ಕೋತಿಗಳಿವೆ, ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಮೆರೆಯಬೇಡಿ. ಈ ಬೆಟ್ಟಗಳ ಆಸುಪಾಸಿನಲ್ಲಿ ಚಿರತೆ ಓಡಾಡುತ್ತವೆ, ಕತ್ತಲಾಗುವ ಮುನ್ನ ಇಳಿಯಿರಿ. ವಾಪಸು ಬರುವ ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಕಷ್ಟ ಬಂದರೆ 112ಕ್ಕೆ ಫೋನ್ ಮಾಡಿ. ಹೊತ್ತುಕೊಂಡು ಹೋದ ಬಾಟಲಿಯನ್ನು ಹೊತ್ತುಕೊಂಡೇ ಬನ್ನಿ. ತುಂಬಿದ ಬಾಟಲಿ ಮೇಲಕ್ಕೆ ಹೊತ್ತವನಿಗೆ ಖಾಲಿ ಬಾಟಲಿ ಇಳಿಸೋದು ಭಾರವೇ?

ಇಲ್ಲಿ ಅಂಗಡಿಯವರಿಗೂ ಒಂದು ಮಾತು. ಭಾನುವಾರದ ವ್ಯಾಪಾರ ಬೇಕು, ನಿಜ. ಆದರೆ ಬೆಟ್ಟದ ಮೇಲಿನ ಕಸದಲ್ಲಿ ಅರ್ಧ ಇಳಿದು ಬರಬಹುದಾದದ್ದು ಬುಡದ ಅಂಗಡಿಗಳ ಮೂಲಕವೇ. ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಹಿಡಿದು, ಖಾಲಿ ಬಾಟಲಿ ತಂದುಕೊಟ್ಟರೆ ಆ ದುಡ್ಡು ಹಿಂತಿರುಗಿಸುವ ಏರ್ಪಾಡು ನಡೆದಿದೆ. ಘಾಟಿ, ಶಿವಗಂಗೆಯ ವರ್ತಕರು ಒಟ್ಟಾಗಿ ನೀರಿನ ಬಾಟಲಿಗೆ ಇದನ್ನೇ ಮಾಡಿದರೆ ಬೇಡ ಅನ್ನುವವರು ಯಾರು? ಗಿರಾಕಿ ಮತ್ತೊಮ್ಮೆ ಅಂಗಡಿಗೆ ಬಂದ ಹಾಗೂ ಆಯಿತು, ಬೆಟ್ಟ ಉಳಿದ ಹಾಗೂ ಆಯಿತು.

ಕೊನೆಗೆ ಇಲಾಖೆಯವರ ಸರದಿ. ಬುಕಿಂಗ್ ಎಲ್ಲ ಇಂಟರ್ನೆಟ್ಟಿನಲ್ಲಿ ಎಂದಾಗ ಅನುಕೂಲ ಯಾರಿಗೆ? ವೈಟ್‌ಫೀಲ್ಡಿನ ಕಂಪನಿ ನೌಕರನಿಗೆ ಕೂತಲ್ಲೇ ಟಿಕೆಟ್ ಸಿಗುತ್ತದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗನಿಗೆ ಭಾನುವಾರ ಬೆಳಿಗ್ಗೆ ರಜ ಸಿಕ್ಕಿತು ಎಂದು ಗೊತ್ತಾಗುವುದೇ ಶನಿವಾರ ರಾತ್ರಿ. ಅಷ್ಟರಲ್ಲಿ ಜಾಗ ಭರ್ತಿ ಆಗಿದ್ದರೆ ಅವನು ಹುಟ್ಟಿದಾಗಿನಿಂದ ಕಿಟಕಿಯಲ್ಲಿ ನೋಡಿದ ಬೆಟ್ಟದ ಬುಡದಿಂದಲೇ ವಾಪಸು. ಇದು ನ್ಯಾಯವಲ್ಲ. ಪಿಂಚಣಿ ಅರ್ಜಿ ಹಾಕಲು ಗ್ರಾಮ ಒನ್ ಕೇಂದ್ರ ಇದೆ. ಬೆಟ್ಟದ ಟಿಕೆಟ್ಟನ್ನೂ ಅಲ್ಲೇ ಕೊಡಲಿ. ಪ್ರತಿ ದಿನದ ಜಾಗದಲ್ಲಿ ಒಂದಷ್ಟನ್ನು ತಾಲ್ಲೂಕಿನವರಿಗೆಂದು ತೆಗೆದಿಡಲಿ. ದೊಡ್ಡಬಳ್ಳಾಪುರ, ನೆಲಮಂಗಲ, ದೇವನಹಳ್ಳಿ, ಹೊಸಕೋಟೆ, ನಾಲ್ಕೂ ಬಸ್ ನಿಲ್ದಾಣಗಳಲ್ಲಿ ಎದ್ದು ಕಾಣುವ ಹಾಗೆ ಕನ್ನಡದಲ್ಲಿ ಬೋರ್ಡು ಹಾಕಲಿ: ಯಾವ ಬೆಟ್ಟಕ್ಕೆ ಟಿಕೆಟ್ ಬೇಕು, ಎಷ್ಟು ಹೊತ್ತಿಗೆ ಇಳಿಯಬೇಕು, ಎಲ್ಲಿ ಉಳಿಯುವಂತಿಲ್ಲ. ಟಿಕೆಟ್ಟಿನ ದುಡ್ಡಿನಲ್ಲಿ ಒಂದು ಪಾಲು ಬೆಟ್ಟದ ಬುಡದ ಊರಿಗೆ ಸೇರಲಿ. ಆಗ ಕಾವಲಿಗೆ ಇಲಾಖೆಯ ಒಬ್ಬ ಗಾರ್ಡು ಸಾಲದಿದ್ದರೂ ಇಡೀ ಊರೇ ಕಣ್ಣಿಟ್ಟಿರುತ್ತದೆ.

2025ರ ಜುಲೈ 2ರಂದು ರಾಜ್ಯದ ಸಚಿವ ಸಂಪುಟ ನಂದಿ ಬೆಟ್ಟದ ಮೇಲೆಯೇ ಸಭೆ ಸೇರಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯಲು ಒಪ್ಪಿ ಇಳಿಯಿತು. ಹೆಸರು ಬದಲಾಯಿಸಲು ಬೆಟ್ಟ ಹತ್ತಿದ ದೊರೆಗಳಿಗೆ ಬೋರ್ಡು ಹಾಕಿಸಲು ಬಸ್ ನಿಲ್ದಾಣಕ್ಕೆ ಬರುವುದು ಕಷ್ಟವಾಗಲಾರದು. ಜಿಲ್ಲೆಗೆ ಯಾವ ಹೆಸರೇ ಇರಲಿ, ಮಾಕಳಿದುರ್ಗ ಅಲ್ಲೇ ಇರುತ್ತದೆ. ಹಸಿರಾಗಿ ಇರಬೇಕೋ ಸುಟ್ಟು ಕರಕಾಗಿ ಇರಬೇಕೋ ಎಂಬುದು ಹತ್ತುವವರ, ಮಾರುವವರ, ಕಾಯುವವರ ಕೈಯಲ್ಲಿದೆ.