ಕ್ಯಾಮೆರಾ ನಿಮ್ಮದು ಸರಿ, ಬೀದಿ ಯಾರದು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಸುದ್ದಿ ಹುಡುಕಿಕೊಂಡು ನಾವು ಬೈಕಿನಲ್ಲಿ ಸುತ್ತುವ ಈ ನಾಲ್ಕು ತಾಲ್ಲೂಕುಗಳಲ್ಲಿ ಈಗ ಗೃಹಪ್ರವೇಶ ಅಂದರೆ ಬಾಗಿಲಿಗೆ ಮಾವಿನ ತೋರಣ, ಮೇಲೆ ಬೂದುಗುಂಬಳಕಾಯಿ, ಮೂಲೆಗೊಂದು ಸಿಸಿ ಕ್ಯಾಮೆರಾ. ಎಷ್ಟೋ ಮನೆಗೆ ಇನ್ನೂ ಹೊರಗಡೆ ಗಾರೆ ಆಗಿಲ್ಲ, ಇಟ್ಟಿಗೆ ಹಾಗೇ ಕಾಣುತ್ತಿರುತ್ತದೆ. ಕ್ಯಾಮೆರಾ ಮಾತ್ರ ಬಂದು ಕೂತಿರುತ್ತದೆ.

ಹಾಕಿಸಬೇಡಿ ಎಂದು ನಾವು ಹೇಳುತ್ತಿಲ್ಲ. ಮಗ ಸೊಸೆ ಬೆಂಗಳೂರಿನಲ್ಲಿ, ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ. ಅಂಥ ಮನೆಗೆ ಅದು ಧೈರ್ಯ. ನಮ್ಮ ತಕರಾರು ಒಂದೇ: ಅದು ಯಾವ ಕಡೆ ನೋಡುತ್ತಿದೆ? ಹತ್ತು ಮನೆ ಎಣಿಸಿ ನೋಡಿ. ಸ್ವಂತ ಗೇಟು, ಸ್ವಂತ ದನದ ಕೊಟ್ಟಿಗೆ ನೋಡುವ ಕ್ಯಾಮೆರಾ ಎಷ್ಟು? ಬೀದಿ, ನಲ್ಲಿ, ಎದುರು ಮನೆಯ ಜಗಲಿ ನೋಡುವ ಕ್ಯಾಮೆರಾ ಎಷ್ಟು?

ಕಳ್ಳತನದ ಸುದ್ದಿ ಬರೆಯುವವರು ನಾವೇ ಆದ್ದರಿಂದ ಹೇಳುತ್ತೇವೆ. ನಮ್ಮ ಕಡೆ ರೈತನ ಹೊಟ್ಟೆಗೆ ಹೊಡೆಯುವ ಕಳ್ಳತನ ಬೋರ್‌ವೆಲ್‌ ಕೇಬಲ್‌ದು, ಪಂಪ್‌ಸೆಟ್‌ದು, ಕುರಿ ಮೇಕೆಗಳದು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ಜನ ರಾತ್ರಿಯೆಲ್ಲ ಹೊಲ ಕಾದರು. ಇದೆಲ್ಲ ಇರುವುದು ಹೊಲದಲ್ಲಿ, ಮನೆ ಹಿಂದಿನ ದೊಡ್ಡಿಯಲ್ಲಿ. ಕ್ಯಾಮೆರಾ ಇರುವುದು ಮನೆ ಮುಂದೆ, ಬೀದಿಯ ಮೇಲೆ.

ಬೀದಿಯಲ್ಲಿ ಅದಕ್ಕೆ ಸಿಗುವವರು ಯಾರು? ಶಿಡ್ಲಘಟ್ಟದ ಕಡೆಯ ಒಂದು ಊರಿನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುವ ಹುಡುಗಿ. ಒಂದು ಸಂಜೆ ಬಸ್ಸು ತಪ್ಪಿ ಜೊತೆ ಕೆಲಸದವನ ಬೈಕಿನಲ್ಲಿ ಬಂದು ಇಳಿದಳು. ಅಷ್ಟೇ. ಇಳಿದದ್ದು ಒಂದು ಮನೆಯ ಕ್ಯಾಮೆರಾದಲ್ಲಿ ಬಿತ್ತು, ಅಲ್ಲಿಂದ ಮೊಬೈಲಿಗೆ ಬಂತು, ಮೊಬೈಲಿನಿಂದ ಊರಿನ ವಾಟ್ಸಾಪ್‌ ಗ್ರೂಪಿಗೆ. ಮರುವಾರದಿಂದ ಮನೆಯವರು ಅವಳನ್ನು ಕೆಲಸಕ್ಕೆ ಕಳಿಸಲಿಲ್ಲ. ಆ ವಿಡಿಯೋ ನಮಗೂ ಬಂದಿತ್ತು, 'ಸುದ್ದಿ ಮಾಡ್ತೀರಾ ಸಾರ್‌' ಎಂಬ ಸಾಲಿನ ಜೊತೆ. ನಾವು ಮಾಡಲಿಲ್ಲ. ಆದರೆ 'ಸಿಸಿಟಿವಿ ದೃಶ್ಯ ಲಭ್ಯ' ಎಂದು ದಪ್ಪ ಅಕ್ಷರದಲ್ಲಿ ಹಾಕಿ ಹಾಕಿ ಈ ಚಟ ಹತ್ತಿಸಿದವರಲ್ಲಿ ನಾವೂ ಇದ್ದೇವೆ. ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳಲು ಬಂದಿಲ್ಲ.

ಇನ್ನೊಂದು ಮಾತಿದೆ, ಊರಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. ಮೊದಲು ಕ್ಯಾಮೆರಾ ಬರುವುದು ಊರಿನ ದೊಡ್ಡ ಮನೆಗೆ. ಎಷ್ಟೋ ಕಡೆ ಕಾಲೋನಿಗೆ ಹೋಗುವ ದಾರಿ ಅದೇ ಮನೆ ಮುಂದೆ ಹಾದು ಹೋಗುತ್ತದೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರ ಮನೆಗೆ ಯಾವ ಪಕ್ಷದವರ ಗಾಡಿ ಬಂತು, ಕತ್ತಲ ರಾತ್ರಿ ಯಾರು ಯಾರ ಬಾಗಿಲು ತಟ್ಟಿದರು, ಎಲ್ಲ ಒಬ್ಬರ ಮೊಬೈಲಿನಲ್ಲಿ. ಗ್ರಾಮ ಪಂಚಾಯಿತಿ ಚುನಾವಣೆ ನೋಡಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೆಳಗಿನ ಜಾವ ಕತ್ತಲಲ್ಲಿ ಚೊಂಬು ಹಿಡಿದು ಹೊರಗೆ ಹೋಗುವ ಹೆಂಗಸರು ಇನ್ನೂ ಇದ್ದಾರೆ. ಅವರು ಈಗ ಆ ಮನೆ ತಪ್ಪಿಸಿ ಸುತ್ತು ಹಾಕಿ ಹೋಗುತ್ತಾರೆ.

'ಪೊಲೀಸರೇ ಹೇಳಿದ್ದಾರೆ, ಒಂದು ಕ್ಯಾಮೆರಾ ರಸ್ತೆಗೆ ಇರಲಿ ಅಂತ' ಎನ್ನುತ್ತೀರಿ. ಹೇಳುತ್ತಾರೆ, ನಾವೂ ಸಭೆಗಳಲ್ಲಿ ಕೇಳಿದ್ದೇವೆ. ಜನ ಸೇರುವ ಸಂಸ್ಥೆಗಳಿಗೆ ಕ್ಯಾಮೆರಾ ಕಡ್ಡಾಯ ಮಾಡಿರುವ 2017ರ ಕರ್ನಾಟಕದ ಸಾರ್ವಜನಿಕ ಸುರಕ್ಷತೆ ಕಾಯ್ದೆ ನಿಮ್ಮ ಮನೆಯ ಬಗ್ಗೆ ಅಲ್ಲ. ರಸ್ತೆ ಕಾಯಲೇಬೇಕು ಎಂದಾದರೆ ಪಂಚಾಯಿತಿ ಹಾಕಲಿ. ದೃಶ್ಯ ಯಾರ ಬಳಿ ಇದೆ, ಯಾರು ನೋಡಿದರು ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿಯಾದರೂ ಹಾಕಬಹುದು. ಪಕ್ಕದ ಮನೆಯ ಅಣ್ಣನ ಮೊಬೈಲಿಗೆ ಅರ್ಜಿ ಹಾಕುವುದು ಹೇಗೆ?

ಖಾಸಗಿತನ ಪೇಟೆಯವರ ಶೋಕಿ ಅಲ್ಲ. ಅದು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್‌. ಪುಟ್ಟಸ್ವಾಮಿ. ಒಂದೇ ಮನೆಯಲ್ಲಿ ಪಾಲಿರುವವರ ನಡುವೆಯೂ, ಜೊತೆಗಿರುವವರ ಒಪ್ಪಿಗೆ ಇಲ್ಲದೆ ವಾಸದ ಜಾಗಕ್ಕೆ ಕ್ಯಾಮೆರಾ ತಿರುಗಿಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್‌ 2025ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್‌ ಅದರಲ್ಲಿ ಕೈಹಾಕಲಿಲ್ಲ. ಅಣ್ಣ ತಮ್ಮಂದಿರು ಭಾಗ ಮಾಡಿಕೊಂಡು ಒಂದೇ ಹಟ್ಟಿಯಲ್ಲಿರುವವರು ಇದನ್ನು ಎರಡು ಸಲ ಓದಿ. 2023ರ ಡಿಜಿಟಲ್‌ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ಮನೆಬಳಕೆಗೆ ವಿನಾಯಿತಿ ಇದೆ, ನಿಜ. ಇನ್ನೂರು ಜನರ ಗ್ರೂಪಿಗೆ ಹಾಕುವುದು ಯಾವ ಮನೆಬಳಕೆ? ಸ್ನಾನ, ಶೌಚದಂಥ ಸಮಯದಲ್ಲಿ ಹೆಣ್ಣುಮಗಳ ದೃಶ್ಯ ಸೆರೆಹಿಡಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದೆ, ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು.

ಸರಿ, ಕಾನೂನು ಬಿಡಿ. ಬೀದಿಗೆ ತಿರುಗಿಸಿದ ಕ್ಯಾಮೆರಾ ಕಳ್ಳನನ್ನಾದರೂ ಹಿಡಿಯುತ್ತದೆಯೇ? ಎರಡನೇ ಅಂತಸ್ತಿನ ಮೂಲೆಯಿಂದ ದೂರದ ರಸ್ತೆ ನೋಡುವುದಕ್ಕೆ ಸಿಗುವುದು ತಲೆ, ಟೋಪಿ, ಹೆಲ್ಮೆಟ್ಟು. ಮುಖ ಸಿಗಬೇಕಾದರೆ ಎಂಟೊಂಬತ್ತು ಅಡಿ ಎತ್ತರದಲ್ಲಿ, ಗೇಟಿಗೆ ಹತ್ತಿರ, ಗೇಟಿನ ಕಡೆ ತಿರುಗಿಸಿ ಹಾಕಬೇಕು.

ಫಿಟ್‌ ಮಾಡುವ ಹುಡುಗರಿಗೂ ಸ್ವಲ್ಪ ಹೇಳಿ. ನಾಟಿ ಇಟ್ಟಿಗೆ ಮೆದು. ಡ್ರಿಲ್ಲನ್ನು ಹ್ಯಾಮರ್‌ಗೆ ಇಟ್ಟು ಒತ್ತಿದರೆ ಒಳಗೇ ಪುಡಿಯಾಗಿ ತೂತು ಅಗಲವಾಗುತ್ತದೆ, ಪ್ಲಗ್‌ ಹಿಡಿಯುವುದಿಲ್ಲ. ಇಟ್ಟಿಗೆಯ ಅಂಚು ಬಿಟ್ಟು ನಡುವೆ, ಹ್ಯಾಮರ್‌ ಇಲ್ಲದೆ ನಿಧಾನಕ್ಕೆ ಕೊರೆಯಲಿ, ಪುಡಿ ತೆಗೆದು ಪ್ಲಗ್‌ ಹಾಕಲಿ. ಮಣ್ಣಿನಲ್ಲಿ ಕಟ್ಟಿದ ಹಳೇ ಗೋಡೆಯಾದರೆ ಸಂದಿಗೆ ಸ್ಕ್ರೂ ಬಿಗಿದು ಪ್ರಯೋಜನವಿಲ್ಲ, ಎರಡು ಮಳೆಗೆ ಜೋತು ಬೀಳುತ್ತದೆ. ವೈರಿನ ತೂತು ಹೊರಕ್ಕೆ ಇಳಿಜಾರಾಗಿರಲಿ, ವೈರು ಒಳಗೆ ಹೋಗುವ ಮುಂಚೆ ಸ್ವಲ್ಪ ಕೆಳಕ್ಕೆ ಜೋಲು ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಸಜ್ಜೆಗೆ ತೀರಾ ಅಂಟಿಸಿದರೆ ರಾತ್ರಿ ಕ್ಯಾಮೆರಾದ ಬೆಳಕು ಸುಣ್ಣಕ್ಕೆ ಬಡಿದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಜೇಡರ ಬಲೆ ವಾರಕ್ಕೊಮ್ಮೆ ತೆಗೆಯಿರಿ. ಕರೆಂಟು ಹೋದರೆ ನಡೆಯಲು ಬ್ಯಾಟರಿ ಬೇಕು. ಡಿವಿಆರ್‌ ಟೀವಿ ಪಕ್ಕದಲ್ಲಿಟ್ಟರೆ ಕಳ್ಳ ಮೊದಲು ಎತ್ತುವುದು ಅದನ್ನೇ.

ಎಲ್ಲಕ್ಕಿಂತ ಮೊದಲು ಪಾಸ್‌ವರ್ಡ್‌ ಬದಲಿಸಿ. ಇಲ್ಲದಿದ್ದರೆ ಫಿಟ್‌ ಮಾಡಿ ಹೋದ ಹುಡುಗನ ಮೊಬೈಲಿನಲ್ಲೂ ನಿಮ್ಮ ಅಂಗಳ ಓಡುತ್ತಿರಬಹುದು. ನಿಮ್ಮ ಹೆಣ್ಣುಮಕ್ಕಳೂ ಆ ಅಂಗಳದಲ್ಲೇ ಓಡಾಡುವುದು. ತಿರುಗಿಸಿದ ಮೇಲೂ ಎದುರು ಮನೆ ಕಾಣುತ್ತಿದೆಯೇ? ಅಷ್ಟು ಭಾಗವನ್ನು ಕಪ್ಪು ಮಾಡುವ ಪ್ರೈವೆಸಿ ಮಾಸ್ಕ್‌ ಅನೇಕ ಕ್ಯಾಮೆರಾಗಳ ಸೆಟ್ಟಿಂಗ್‌ನಲ್ಲೇ ಇದೆ. ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ, ಎರಡು ನಿಮಿಷದ ಕೆಲಸ.

ನಿಮ್ಮ ಬಾಗಿಲನ್ನೋ ನಲ್ಲಿಯನ್ನೋ ಯಾರದಾದರೂ ಕ್ಯಾಮೆರಾ ನೋಡುತ್ತಿದ್ದರೆ ಮೊದಲು ಆ ಮನೆಯವರನ್ನೇ ಕೇಳಿ. 'ಅಣ್ಣಾ, ಸ್ವಲ್ಪ ಆ ಕಡೆ ತಿರುಗಿಸು' ಅಂದರೆ ತಿರುಗಿಸುವವರೇ ಜಾಸ್ತಿ. ತಿರುಗಿಸದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ವಿಷಯವಾಗಿ ಇಡಿ, ನಡಾವಳಿಯಲ್ಲಿ ಬರೆಸಿ. ಅರ್ಜಿ ಬರೆಯಲು ಗೊತ್ತಾಗದಿದ್ದರೆ ನಮಗೆ ಹೇಳಿ, ಬರೆದುಕೊಡುತ್ತೇವೆ. ಕ್ಯಾಮೆರಾದ ಫೋಟೊ ಮಾತ್ರ ಕಳಿಸಿ. ಅದರೊಳಗಿನ ವಿಡಿಯೋ ಬೇಡ.